ಮೂವತ್ತೊಂದನೆಯ ಪ್ರಶ್ನೆ

ಯಾರು ಯಾವ ಭಾಷೆಯಲ್ಲಿ ಮಾತಾಡಿದರೂ ಕೇಳುವವನಿಗೆ ಅವನದೇ ಭಾಷೆಯಲ್ಲಿ ಕೇಳಿಸುವಂಥ ಯಂತ್ರವೊಂದು ಇದ್ದರೆ ಲೋಕದ ಅರ್ಧ ಜಗಳ ತಪ್ಪೀತು ಎಂದು ಹೇಳುವವರು ಹಿಂದಿನಿಂದಲೂ ಇದ್ದಾರೆ. ಅಂಥ ಯಂತ್ರ ಕೊನೆಗೂ ಬಂತು. ಆದರೆ ಮೊದಲು ಬಂದದ್ದು ಜಗಳ ಜೋರಾಗಿರುವ ಶಾಸನಸಭೆಗಳಿಗಲ್ಲ, ಅತ್ತೆ ಸೊಸೆ ಇರುವ ಮನೆಗಳಿಗೂ ಅಲ್ಲ. ಜಗಳವಾಡಲು ಒಟ್ಟು ಹನ್ನೊಂದೇ ಜನರಿದ್ದ, ಭೂಮಿಯ ಕೆಳತುದಿಯ ಒಂದು ಜ್ವಾಲಾಮುಖಿಯ ನೆತ್ತಿಗೆ ಬಂತು.

ನಕ್ಷೆಯಲ್ಲಿ ಆ ಜ್ವಾಲಾಮುಖಿಗೆ ಬರೀ ಒಂದು ಸಂಖ್ಯೆ ಇತ್ತು. ಆ ಹನ್ನೊಂದು ಜನರಲ್ಲಿ ಒಬ್ಬನಾದ ಹುಲಿಗೆಪ್ಪ ಅದನ್ನು ಬಿಳೇಗುಡ್ಡ ಅಂದ. ಯಂತ್ರ ಆ ಹೆಸರನ್ನು ಏಳು ಭಾಷೆಗಳಿಗೆ ಹಂಚಿತು, ಎಲ್ಲರ ಬಾಯಲ್ಲೂ ಅದೇ ನಿಂತಿತು. ದಕ್ಷಿಣ ಧ್ರುವಖಂಡದ ಪಶ್ಚಿಮ ಭಾಗದಲ್ಲಿ, ಕಡಲಿನಿಂದ ಮುನ್ನೂರು ಕಿಲೋಮೀಟರ್ ಒಳಗೆ, ಎರಡು ಕಿಲೋಮೀಟರ್ ದಪ್ಪದ ಮಂಜುಗಡ್ಡೆಯಿಂದ ತಲೆ ಹೊರಗಿಟ್ಟ ಗುಡ್ಡ ಅದು. ದೂರದಿಂದ ನೋಡಿದರೆ ಬೋರಲು ಹಾಕಿದ ಬಾಣಲೆ. ನೆತ್ತಿಯಲ್ಲಿ ಐದು ಕಿಲೋಮೀಟರ್ ಅಗಲದ ಬಾಯಿ, ಬಾಯಿಯ ತುಂಬ ಮತ್ತೆ ಮಂಜುಗಡ್ಡೆ. ಅಂಚಿನಲ್ಲಿ ಮಾತ್ರ ಅಲ್ಲಲ್ಲಿ ಕಪ್ಪು ಕಲ್ಲು ಇಣುಕುತ್ತದೆ, ಅಲ್ಲಿಂದ ಹಬೆ ಏಳುತ್ತದೆ. ಎದ್ದ ಹಬೆ ಆ ಚಳಿಗೆ ಅಲ್ಲೇ ಹೆಪ್ಪುಗಟ್ಟಿ ಎರಡಾಳೆತ್ತರದ ಟೊಳ್ಳು ಗೋಪುರಗಳಾಗಿ ನಿಂತಿದೆ. ಅದೇ ಹಬೆ ಮಂಜುಗಡ್ಡೆಯ ಅಡಿಯನ್ನು ಕರಗಿಸಿ ಗವಿಗಳನ್ನೂ ಕೊರೆದಿದೆ. ಹೊರಗೆ ಸೊನ್ನೆಗಿಂತ ಮೂವತ್ತೈದು ಡಿಗ್ರಿ ಕೆಳಗಿರುವಾಗ ಗವಿಯೊಳಗೆ ಕೈಗವಸು ತೆಗೆದು ಕೆಲಸ ಮಾಡಬಹುದು.

ಎಂಟು ಸಾವಿರ ವರ್ಷಗಳ ಹಿಂದೆ ಬಿಳೇಗುಡ್ಡ ಕೊನೆಯ ಸಲ ಉಗುಳಿದ ಬೂದಿ ಗವಿಯ ಗೋಡೆಯಲ್ಲಿ ಒಂದು ಗೇಣು ಅಗಲದ ಕಪ್ಪು ಪಟ್ಟಿಯಾಗಿ ಕೂತಿದೆ. ಅದು ಮತ್ತೆ ಉಗುಳಿದರೆ ಮೇಲಿನ ಹೊಗೆಯಿಂದ ಯಾರಿಗೂ ತೊಂದರೆಯಿಲ್ಲ, ಸುತ್ತ ಏಳುನೂರು ಕಿಲೋಮೀಟರಿನೊಳಗೆ ಇನ್ನೊಂದು ನರಪಿಳ್ಳೆ ಇಲ್ಲ. ಭಯವಿದ್ದದ್ದು ಬುಡದ್ದು. ಬುಡ ಕಾದು ತಳದ ಮಂಜು ನೀರಾದರೆ ಮೇಲಿನ ಅಷ್ಟೂ ಗಡ್ಡೆ ಕಡಲಿನ ಕಡೆ ಜಾರಲು ಶುರುಮಾಡುತ್ತದೆ, ಕಡಲು ಏರಿ ಸಾವಿರಾರು ಮೈಲಿಯಾಚೆಯ ಬಂದರುಗಳ ಅಂಗಡಿಬೀದಿಗೆ ನುಗ್ಗುತ್ತದೆ. ಹಾಗಾಗಿ ಗುಡ್ಡದ ನಾಡಿ ಹಿಡಿದು ಕೂರಲೇಬೇಕಿತ್ತು. ನಾಡಿ ಸಿಗುವುದು ಕಲ್ಲಿನಲ್ಲಿ, ಕಲ್ಲು ಕೈಗೆ ಸಿಗುವುದು ಗವಿಗಳಲ್ಲಿ. ನಡುಕ ಅಳೆಯುವ ಪೆಟ್ಟಿಗೆಗಳನ್ನೆಲ್ಲ ಅಲ್ಲೇ ಇಟ್ಟಿದ್ದರು.

ಆ ಪೆಟ್ಟಿಗೆಗಳ ಒಡತಿ ಕಾತ್ಯಾಯಿನಿ. ನಂಜನಗೂಡಿನಲ್ಲಿ ಹುಟ್ಟಿ, ಇಪ್ಪತ್ತು ವರ್ಷ ಹೊರದೇಶಗಳ ವಿಶ್ವವಿದ್ಯಾಲಯಗಳಲ್ಲಿ ಜ್ವಾಲಾಮುಖಿಗಳನ್ನೇ ಓದಿದವಳು. ಪೆಟ್ಟಿಗೆಗಳ ಆಳು ಹುಲಿಗೆಪ್ಪ. ಹಟ್ಟಿಯ ಚಿನ್ನದ ಗಣಿಯಲ್ಲಿ ಇಪ್ಪತ್ತಾರು ವರ್ಷ ನೆಲದಡಿ ದುಡಿದವನು. ಇಕ್ಕಟ್ಟಿನಲ್ಲಿ ಉಸಿರು ಕೆಡದವರು ಬೇಕೆಂದು ಧ್ರುವ ಸಂಸ್ಥೆ ಊರೂರು ಹುಡುಕಿದಾಗ ಸಿಕ್ಕ ಮೂವರಲ್ಲಿ ಒಬ್ಬ. ಇಂಗ್ಲಿಷು ಅವನಿಗೆ ಮೂವತ್ತು ಪದ ಬರುತ್ತಿತ್ತು, ಅದರಲ್ಲಿ ಇಪ್ಪತ್ತು ಗಣಿಯ ಸಾಮಾನಿನ ಹೆಸರುಗಳು.

ಯಂತ್ರ ಬಂದದ್ದರಿಂದ ಹೆಚ್ಚು ಲಾಭವಾದದ್ದು ಅವನಿಗೇ. ಅದಕ್ಕೆ ದುಭಾಷಿ ಎಂದು ಹೆಸರಿಟ್ಟವಳು ಕಾತ್ಯಾಯಿನಿ. ಎಲ್ಲರ ಕಿವಿಯಲ್ಲೂ ಒಂದು ಗುಂಡಿ, ಎಲ್ಲರ ಕೊರಳಲ್ಲೂ ಒಂದು ಗುಂಡಿ. ಚಳಿಯಲ್ಲಿ ಗಾಬರಿಯಾದವನ ಬಾಯಿಗೆ ಬರುವುದು ತಾಯಿ ಕಲಿಸಿದ ಮಾತೇ, ಆದ್ದರಿಂದ ಅಪಾಯದ ಕೆಲಸದಲ್ಲಿ ಎಲ್ಲರೂ ಅವರವರ ಭಾಷೆಯಲ್ಲೇ ಮಾತಾಡಬೇಕು ಎಂದು ಸಂಸ್ಥೆ ಕಟ್ಟಳೆ ಮಾಡಿತ್ತು. ದುಭಾಷಿ ಅದನ್ನು ಉಳಿದವರಿಗೆ ಮುಟ್ಟಿಸುವುದಷ್ಟೇ ಅಲ್ಲ, ಮಾತಿನ ತಿರುಳು ಹಿಡಿದು ನಿಯಂತ್ರಣ ಕೋಣೆಯ ಹಲಗೆಯ ಮೇಲೆ ಹಸಿರು, ಹಳದಿ, ಕೆಂಪು ದೀಪವನ್ನೂ ಹೊತ್ತಿಸುತ್ತಿತ್ತು. ಕೆಂಪು ಹೊತ್ತಿದರೆ ಯಾರನ್ನೂ ಕೇಳದೆ ಗಂಟೆ ಬಾರಿಸುತ್ತಿತ್ತು.

ಬುಧವಾರ ಅಡುಗೆಮನೆ ಹುಲಿಗೆಪ್ಪನ ಪಾಲು. ಊರಿಂದ ತಂದ ಜೋಳದ ಹಿಟ್ಟಿನಲ್ಲಿ ರೊಟ್ಟಿ ಬಡಿಯುತ್ತ, ಶೇಂಗಾ ಹಿಂಡಿ ಮುಂದಿಟ್ಟು, ಗಣಿಯ ಕಥೆ ಹೇಳುತ್ತಿದ್ದ. ನಿಲ್ದಾಣದ ಮುಖ್ಯಸ್ಥ, ಡೆನ್ಮಾರ್ಕಿನ ಹೆನ್ರಿಕ್, ತನ್ನ ಭಾಷೆಯಲ್ಲಿ ಆ ಕಥೆ ಕೇಳಿ ಮೇಜು ಕುಟ್ಟಿ ನಗುತ್ತಿದ್ದ. ಕಾತ್ಯಾಯಿನಿಯೂ ನಗುತ್ತಿದ್ದಳು, ಆದರೆ ಒಂದು ಕಣ್ಣು ಸದಾ ಉಳಿದವರ ಮುಖದ ಮೇಲೆ. ಹುಲಿಗೆಪ್ಪ ಮೊದಲ ಸಲ ಗವಿಗೆ ಇಳಿಯುವ ದಿನ ಗವಿಯ ಬಾಯಿಗೆ ಕುಂಕುಮವಿಟ್ಟು ಊದುಕಡ್ಡಿ ಹಚ್ಚಿದಾಗ ಎಲ್ಲರೂ ಕುತೂಹಲದಿಂದ ನಿಂತು ನೋಡಿದ್ದರು. ಇವಳೊಬ್ಬಳು ಪೆಟ್ಟಿಗೆಯ ತಿರುಪು ಬಿಗಿಯುವವಳಂತೆ ಬೆನ್ನು ತಿರುಗಿಸಿ ಕೂತಿದ್ದಳು. ತಿರುಪು ಆಗಲೇ ಬಿಗಿಯಾಗಿತ್ತು.

ಇದು ಇವತ್ತಿನ ರೋಗವಲ್ಲ. ಹೊರದೇಶಕ್ಕೆ ಹೋದ ಮೊದಲ ವರ್ಷ, ಪ್ರಾಧ್ಯಾಪಕರ ಕೋಣೆಯಿಂದ ಹೊರಡುವಾಗ, ನಮ್ಮವರು ಹೇಳುವ ಹಾಗೆಯೇ ಇಂಗ್ಲಿಷಿನಲ್ಲಿ "ಹೋಗಿ ಬರ್ತೀನಿ" ಅಂದುಬಿಟ್ಟಿದ್ದಳು. ಆ ಪುಣ್ಯಾತ್ಮ ಇವಳು ವಾಪಸು ಬರುತ್ತಾಳೆಂದು ಸಂಜೆವರೆಗೆ ಕಾದು ಕೂತಿದ್ದ. ಮಾರನೆಯ ದಿನ ಇಡೀ ತರಗತಿ ನಕ್ಕಿತು. ಕೆಟ್ಟ ಮನಸ್ಸಿನ ನಗೆಯೇನಲ್ಲ. ಆದರೆ ಅವಳು ಅವತ್ತಿನಿಂದ ತನ್ನ ಮಾತಿನಲ್ಲಿ ಊರಿನ ವಾಸನೆ ಇರುವುದನ್ನೆಲ್ಲ ಒಂದೊಂದಾಗಿ ಗುಡಿಸಿ ಹೊರಹಾಕಿದಳು.

ದುಭಾಷಿಯನ್ನು ಪಳಗಿಸಲು ಪ್ರತಿ ಭಾಷೆಯಿಂದ ಒಬ್ಬರು ಅರವತ್ತು ಪ್ರಶ್ನೆಗಳ ಒಂದು ನಮೂನೆ ತುಂಬಬೇಕಿತ್ತು. ಕನ್ನಡದ್ದು ಕಾತ್ಯಾಯಿನಿಯ ಪಾಲಿಗೆ ಬಂತು. ಒಂದು ಮಧ್ಯಾಹ್ನ ಊಟದ ಮೇಜಿನಲ್ಲಿ ಎಲ್ಲರೂ ಕೂತು ತುಂಬಿದರು. ಮೂವತ್ತೊಂದನೆಯ ಪ್ರಶ್ನೆ ಹೀಗಿತ್ತು: ಅಶುಭವೆಂಬ ನಂಬಿಕೆಯಿಂದ ನೇರವಾಗಿ ಹೇಳದೆ ಬೇರೆ ರೀತಿಯಲ್ಲಿ, ಅಥವಾ ವಿರುದ್ಧಾರ್ಥದಲ್ಲಿ ಹೇಳುವ ಮಾತುಗಳು ನಿಮ್ಮ ಭಾಷೆಯಲ್ಲಿವೆಯೇ? ಪಕ್ಕದಲ್ಲಿದ್ದ ಜಪಾನಿನ ಎಂಜಿನಿಯರು ಅದೊಂದಕ್ಕೇ ಎರಡು ಪುಟ ಬರೆದ. ನಮ್ಮ ಕಡೆ ಮದುವೆಯೂಟ ಮುಗಿಯಿತು ಅನ್ನುವುದಿಲ್ಲ, ತೆರೆಯಿತು ಅನ್ನುತ್ತೇವೆ ಎಂದು ನಗುತ್ತ ಎಲ್ಲರಿಗೂ ಹೇಳಿದ. ನಿಮ್ಮಲ್ಲಿ ಏನೇನಿದೆ ಎಂದು ಕಾತ್ಯಾಯಿನಿಯನ್ನು ಕೇಳಿದ.

ಅವಳಿಗೆ ಒಂದಲ್ಲ, ಹತ್ತು ನೆನಪಾದವು. ಬಳೆ ಒಡೆಯಿತು ಅನ್ನಬಾರದು, ಹೆಚ್ಚಿತು ಅನ್ನಬೇಕು. ದೀಪ ಆರಿತು ಅನ್ನಬಾರದು, ದೊಡ್ಡದಾಯಿತು ಅನ್ನಬೇಕು. ಚಿಕ್ಕಂದಿನಲ್ಲಿ ಒಂದು ಸಂಜೆ "ದೀಪ ಆರಿಸ್ಲಾ ಅಜ್ಜಿ" ಅಂದದ್ದಕ್ಕೆ ಬಾಯಿಯ ಮೇಲೆ ಬಿದ್ದ ಏಟೂ ನೆನಪಾಯಿತು. ಹೆನ್ರಿಕ್ ಬೇರೆ ಎದುರಿಗೇ ಕೂತು ಕೇಳುತ್ತಿದ್ದ. ಇವನ್ನೆಲ್ಲ ಇವರ ಮುಂದೆ ಹರವಿದರೆ ತಾನೂ ಊದುಕಡ್ಡಿಯ ಸಾಲಿಗೆ ಸೇರುತ್ತೇನೆ ಎನ್ನಿಸಿತು. ಅಂಥವೆಲ್ಲ ಹಿಂದಿನ ಕಾಲದವು, ಈಗ ಯಾರೂ ಬಳಸುವುದಿಲ್ಲ ಎಂದು ಹೇಳಿ, ಮೂವತ್ತೊಂದರ ಮುಂದೆ "ಇಲ್ಲ" ಎಂದು ಬರೆದಳು. ಎರಡಕ್ಷರ. ಮೂವತ್ತೆರಡನೆಯದು ಸಂಖ್ಯೆಗಳ ಬಗ್ಗೆ ಇತ್ತು, ಅದಕ್ಕೆ ಅರ್ಧ ಪುಟ ಬರೆದಳು.

ಇದಾದ ಮೇಲೆ ಬಂದದ್ದು ದೀಪದ ವ್ಯವಸ್ಥೆ. ಗವಿಗಳಲ್ಲಿ ಹಬೆಯ ಜೊತೆ ಇಂಗಾಲದ ಡೈಆಕ್ಸೈಡು ಏಳುತ್ತದೆ. ಅದು ಗಾಳಿಗಿಂತ ಭಾರ, ತಗ್ಗಿನಲ್ಲಿ ಕೂರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಅದನ್ನು ಅಳೆಯುವ ಸೂಕ್ಷ್ಮ ಉಪಕರಣಗಳೊಳಗೆ ಹಬೆ ನುಗ್ಗಿ, ಹೊರಗೆ ತಂದ ಕೂಡಲೇ ಹೆಪ್ಪುಗಟ್ಟಿ, ಒಂದೇ ತಿಂಗಳಲ್ಲಿ ನಾಲ್ಕು ಹಾಳಾದವು. ಐದನೆಯದು ವಿಮಾನದಲ್ಲಿ ಬರುವವರೆಗೆ ಏನು ಮಾಡುವುದೆಂದು ಎಲ್ಲರೂ ತಲೆ ಕೆಡಿಸಿಕೊಂಡಾಗ ಹುಲಿಗೆಪ್ಪನೇ ದಾರಿ ತೋರಿಸಿದ. ಊರಲ್ಲಿ ಹಾಳುಬಾವಿಗೆ ಇಳಿಯುವ ಮುಂಚೆ ಹಗ್ಗಕ್ಕೆ ದೀಪ ಕಟ್ಟಿ ಬಿಡುತ್ತಾರೆ, ಉರಿದರೆ ಗಾಳಿ ಇದೆ, ಇಲ್ಲದಿದ್ದರೆ ಇಲ್ಲ. ಹೆನ್ರಿಕ್ ಮೊದಲು ನಕ್ಕ, ಆಮೇಲೆ ಅದನ್ನೇ ನಿಯಮದ ಪುಸ್ತಕಕ್ಕೆ ಸೇರಿಸಿದ. ದುಭಾಷಿಗೂ ಹೇಳಿಕೊಟ್ಟರು: ದೀಪ ಚೆನ್ನಾಗಿ ಉರಿದರೆ ಹಸಿರು, ಕುಗ್ಗಿದರೆ ಹಳದಿ, ಆರಿದರೆ ಕೆಂಪು. ಗಾಜಿನ ಬುರುಡೆಯೊಳಗಿನ ಪುಟ್ಟ ದೀಪವೊಂದನ್ನು ಹುಲಿಗೆಪ್ಪ ತಾನೇ ಡಬ್ಬಿಯ ತಗಡಿನಿಂದ ಮಾಡಿಕೊಂಡ.

ಜನವರಿ ಎರಡನೆಯ ವಾರ ಗುಡ್ಡದ ನಾಡಿ ಬದಲಾಯಿತು. ಇಪ್ಪತ್ತೈದು ಕಿಲೋಮೀಟರ್ ಆಳದಲ್ಲಿ ನಿಧಾನದ, ಉದ್ದನೆಯ ನಡುಕಗಳು ಶುರುವಾದವು. ಶಿಲಾರಸ ಸರಿದಾಡುವಾಗ ಆಗುವಂಥವು. ಕಾತ್ಯಾಯಿನಿ ಇಪ್ಪತ್ತು ವರ್ಷದಿಂದ ಕಾದದ್ದು ಇದಕ್ಕೇ. ಅಂಥ ಹೊತ್ತಿನಲ್ಲೇ ಮೂರನೆಯ ಗವಿಯ ಎರಡು ಪೆಟ್ಟಿಗೆಗಳು ಮೂಕವಾದವು. ಬೆಳಗಿನ ಹತ್ತು ಗಂಟೆಗೆ ಹುಲಿಗೆಪ್ಪ ಒಳಗೆ ಇಳಿದ. ಚಿಲಿ ದೇಶದ ತೋಮಾಸ್ ಹಗ್ಗದ ತುದಿ ಹಿಡಿದು ಗವಿಯ ಬಾಯಲ್ಲಿ ಕೂತ. ಕಾತ್ಯಾಯಿನಿ ನಿಯಂತ್ರಣ ಕೋಣೆಯಲ್ಲಿ ನಡುಕದ ಗೆರೆಗಳ ಮೇಲೆ ಕಣ್ಣು ನೆಟ್ಟಿದ್ದಳು.

ಮೊದಲ ಪೆಟ್ಟಿಗೆ ಸರಿಹೋಯಿತು. ಎರಡನೆಯದು ಇನ್ನೂ ಹದಿನೈದು ಹೆಜ್ಜೆ ಒಳಗೆ, ತಗ್ಗಿನಲ್ಲಿತ್ತು. ಆಗ ಹುಲಿಗೆಪ್ಪನ ದನಿ ಬಂತು. ಗಾಬರಿಯ ದನಿಯಲ್ಲ, ಇಪ್ಪತ್ತಾರು ವರ್ಷ ನೆಲದಡಿ ಇದ್ದವನು ಗಾಬರಿಯಲ್ಲಿ ಮಾತಾಡುವುದಿಲ್ಲ.

"ಮೇಡಂ, ಇಲ್ಲಿ ದೀಪ ದೊಡ್ಡದಾತ್ರಿ. ಏನ್ ಮಾಡ್ಲಿ?"

ದುಭಾಷಿ ಇದನ್ನು ಎಲ್ಲರಿಗೂ ಮುಟ್ಟಿಸಿತು: ಜ್ವಾಲೆ ದೊಡ್ಡದಾಗಿದೆ, ಗಾಳಿ ಹೇರಳವಾಗಿದೆ. ಹಲಗೆಯ ಮೇಲೆ ಹಸಿರು ಹೊತ್ತಿತು.

ಕಾತ್ಯಾಯಿನಿಗೆ ಯಂತ್ರದ ಮಾತಿಗಿಂತ ಮೊದಲು ಕನ್ನಡವೇ ಕೇಳಿಸಿತ್ತು. ಕೇಳಿದ ಕ್ಷಣ ಮನಸ್ಸಿನ ಒಂದು ಮೂಲೆ ಎದ್ದು ಕೂತಿತು. ಇದು ಅಜ್ಜಿಯ ಮಾತಲ್ಲವೇ ಎಂದು ಅದು ಕೇಳಿತು. ಅವಳು ಹಲಗೆ ನೋಡಿದಳು. ಹಸಿರು. ಗವಿಗಾಳಿ ಅಳೆಯುವ ಕೆಲಸದಲ್ಲಿ ಅಜ್ಜಿಗೇನು ಜಾಗ ಎನ್ನಿಸಿತು. ತೆರೆಯ ಮೇಲೆ ಇನ್ನೊಂದು ಉದ್ದ ನಡುಕ ಮೂಡುತ್ತಿತ್ತು, ಎರಡನೆಯ ಪೆಟ್ಟಿಗೆ ಇಲ್ಲದೆ ಅದರ ಜಾಗ ಗೊತ್ತಾಗುವಂತಿರಲಿಲ್ಲ.

"ಒಳ್ಳೇದಾಯ್ತು ಹುಲಿಗೆಪ್ಪನವರೇ," ಅಂದಳು. "ಹಾಗೇ ಒಳಗಿನ ಪೆಟ್ಟಿಗೇನೂ ನೋಡ್ಕೊಂಡು ಬಂದ್ಬಿಡಿ."

ಆ ಕಡೆಯಿಂದ "ಹ್ಞೂಂ ರೀ" ಎಂದು ಕೇಳಿಸಿತು. ಅವನು ಮುಂದೆ ಹೋದ.

ನಾಲ್ಕು ನಿಮಿಷದ ನಂತರ ಹಗ್ಗ ಅಲುಗುತ್ತಿಲ್ಲವೆಂದು ತೋಮಾಸ್ ಕೂಗಿದ. ಹಲಗೆಯಲ್ಲಿ ಆಗಲೂ ಹಸಿರೇ. ತೋಮಾಸ್ ಆಮ್ಲಜನಕದ ಮುಖವಾಡ ಹಾಕಿಕೊಂಡು ಒಳಗೆ ನುಗ್ಗಿ, ಮುಖ ಅಡಿಯಾಗಿ ಬಿದ್ದಿದ್ದವನನ್ನು ಕಂಕುಳಲ್ಲಿ ಹಿಡಿದು ಎಳೆದು ತಂದ. ಜೀವ ಉಳಿಯಿತು. ಹುಲಿಗೆಪ್ಪ ಕಣ್ಣು ಬಿಡಲು ಎರಡು ದಿನ ಹಿಡಿಯಿತು, ಹವೆ ತಿಳಿಯಾಗಿ ವಿಮಾನ ಬರಲು ಒಂಬತ್ತು ದಿನ. ಆ ಒಂಬತ್ತು ದಿನವೂ ಕಾತ್ಯಾಯಿನಿ ಅವನ ಹಾಸಿಗೆಯ ಪಕ್ಕ ಕೂತು ಗಂಜಿ ಕುಡಿಸಿದಳು. ಎಲ್ಲರೂ ಅವಳ ಒಳ್ಳೆಯತನ ಹೊಗಳಿದರು. ಹೊಗಳಿದಾಗಲೆಲ್ಲ ಅವಳಿಗೆ ಎದ್ದು ಓಡಿಹೋಗಬೇಕೆನ್ನಿಸುತ್ತಿತ್ತು, ಆದರೆ ಆ ಮಂಜಿನಲ್ಲಿ ಓಡಿಹೋಗಲು ಜಾಗವಾದರೂ ಎಲ್ಲಿದೆ? ನಾಲ್ಕನೆಯ ದಿನ ಅವನು ತಾನಾಗಿಯೇ ಹೇಳಿದ. ದೀಪ ಹೋಗಿತ್ತು, ತಿರುಗಿ ಬರೋಣ ಅಂದುಕೊಂಡಿದ್ದೆ, ಆದರೆ ನೀವು ಮುಂದೆ ಹೋಗು ಅಂದಿರಿ, ಮೇಡಂ ಹತ್ತಿರ ಬೇರೆ ಮಿಷಿನ್ ಇರಬೇಕು, ಗಾಳಿ ಇರುವುದಕ್ಕೇ ಹೇಳುತ್ತಿದ್ದಾರೆ ಎಂದುಕೊಂಡೆ. ಇಷ್ಟನ್ನೂ ಅವನು ದೂರಿನಂತೆ ಹೇಳಲಿಲ್ಲ.

ಗುಡ್ಡದ ನಡುಕ ಹದಿನೈದು ದಿನಗಳಲ್ಲಿ ತಾನಾಗಿಯೇ ಇಳಿಯಿತು. ಬಿಳೇಗುಡ್ಡ ಮಗ್ಗುಲು ಬದಲಿಸಿ ಮತ್ತೆ ಮಲಗಿತು. ಸಂಸ್ಥೆಯ ವಿಚಾರಣೆ ಮಾತ್ರ ಎದ್ದು ಕೂತಿತು. ಮೂವರು ತಜ್ಞರು ಧ್ವನಿಮುದ್ರಣ ಕೇಳಿದರು, ದೀಪ ದೊಡ್ಡದಾಯಿತು ಎಂಬ ಮಾತನ್ನು ನಾಲ್ಕು ನಿಘಂಟುಗಳಲ್ಲಿ ಹುಡುಕಿದರು, ಕಾತ್ಯಾಯಿನಿಯನ್ನು ಕರೆದು ಕೇಳಿದರು. ಅದು ಎಲ್ಲೋ ಕೆಲವು ಹಳಬರ ಮಾತು ಎಂದು ಅವಳು ತಗ್ಗಿದ ದನಿಯಲ್ಲಿ ಹೇಳಿದಳು. ಸುಳ್ಳೇನಲ್ಲ, ಆದರೆ ನಿಜವೂ ಅಲ್ಲ. ಅವಳು ತುಂಬಿದ ನಮೂನೆಯನ್ನು ತೆಗೆದು ನೋಡುವ ಬುದ್ಧಿ ಯಾರಿಗೂ ಬರಲಿಲ್ಲ. ತಾನಾಗಿ ತೆಗೆದು ತೋರಿಸುವ ಧೈರ್ಯ ಅವಳಿಗೂ ಬರಲಿಲ್ಲ.

ವರದಿ ಬಂತು. ಕೆಲಸಗಾರನು ಸುರಕ್ಷತೆಯ ಸಂದೇಶವನ್ನು ತಪ್ಪು ಮಾತುಗಳಲ್ಲಿ ಹೇಳಿದ್ದೇ ಅವಘಡಕ್ಕೆ ಕಾರಣ. ಇಂಥದ್ದನ್ನು ಇನ್ನು ಮುಂದೆ "ಹುಲಿಗೆಪ್ಪ ದೋಷ" ಎಂದು ಹೆಸರಿಸಿ, ಎಲ್ಲ ನಿಲ್ದಾಣಗಳಿಗೆ ಬರುವ ಹೊಸಬರಿಗೂ ಮೊದಲ ದಿನದ ಪಾಠವಾಗಿ ಹೇಳಬೇಕು. ಕೆಳಗೆ ಹುಲಿಗೆಪ್ಪ ಒಪ್ಪಿ ರುಜು ಹಾಕಲು ಒಂದು ಗೆರೆ, ಭಾಷೆಯ ಹೊಣೆ ಹೊತ್ತ ಕಾತ್ಯಾಯಿನಿಗೆ ಇನ್ನೊಂದು ಗೆರೆ. ಹೇಗೂ ರಜೆಯಲ್ಲಿ ಊರಿಗೆ ಹೋಗುತ್ತಿದ್ದೀರಲ್ಲ, ಅವನ ರುಜುವನ್ನು ನೀವೇ ತಂದುಬಿಡಿ ಎಂದು ಹೆನ್ರಿಕ್ ಸಹಜವಾಗಿ ಹೇಳಿದ.

ಏಪ್ರಿಲ್‌ನ ಬಿಸಿಲಲ್ಲಿ ಕಾತ್ಯಾಯಿನಿ ಹಟ್ಟಿಗೆ ಹೋದಳು. ಗಣಿಯ ಕಾಲೋನಿಯಿಂದಾಚೆ ಕಲ್ಲುಚಪ್ಪಡಿ ಹೊದಿಸಿದ ಎರಡು ಕೋಣೆಯ ಮನೆ. ಹುಲಿಗೆಪ್ಪನ ಹೆಂಡತಿ ದುರುಗವ್ವ ಬಾಗಿಲಲ್ಲೇ ತಂಬಿಗೆಯಲ್ಲಿ ನೀರು ಕೊಟ್ಟು, ಒಳಗೆ ಕರೆದು ಚಾಪೆ ಹಾಕಿದಳು. ಗಂಡನನ್ನು ಉಳಿಸಿದ ಮೇಡಂ ಎಂದು ಅವಳ ತಿಳಿವಳಿಕೆ. ಮಜ್ಜಿಗೆ ಕೊಡುತ್ತ ತನ್ನ ಸಂಕಟ ಹೇಳಿಕೊಂಡಳು. ಕೈ ಸ್ವಲ್ಪ ನಡುಗುತ್ತದೆ, ಅದಿರಲಿ, ಮಾತೇ ನಿಂತುಹೋಗಿದೆ. ಡಾಕ್ಟರು ನಾಲಿಗೆಯಲ್ಲಿ ಏನೂ ದೋಷವಿಲ್ಲ ಅನ್ನುತ್ತಾರೆ. ಮೊದಲೆಲ್ಲ ಓಣಿಯ ತುಂಬ ಮಾತಾಡುತ್ತಿದ್ದವನು ಈಗ ರೊಟ್ಟಿ ಬೇಕಾದರೂ ತಟ್ಟೆ ತೋರಿಸುತ್ತಾನೆ. ಏನಾದರೂ ಹೇಳುವ ಮುಂಚೆ ಬಾಯಲ್ಲೇ ಎರಡು ಸಲ ಹೇಳಿ ನೋಡಿಕೊಳ್ಳುತ್ತಾನೆ, ಆಮೇಲೆ ಬೇಡವೆಂದು ಸುಮ್ಮನಾಗುತ್ತಾನೆ.

ಹುಲಿಗೆಪ್ಪ ಗೋಡೆಗೊರಗಿ ಕೂತಿದ್ದ. ಇವಳನ್ನು ಕಂಡು ಎದ್ದು ಕೈ ಮುಗಿದ. ಕಾಗದ ತಂದಿರುವುದು ಅವನಿಗೆ ಗೊತ್ತಿತ್ತು, ಸಂಸ್ಥೆಯವರು ಫೋನಿನಲ್ಲಿ ಓದಿ ಹೇಳಿದ್ದರು. ಪೆನ್ನಿಗೆ ಕೈ ಚಾಚಿದ.

"ನಂದ ತಪ್ಪ ಐತ್ರಿ ಮೇಡಂ," ಎಂದ, ಒಂದೊಂದೇ ಪದ ಎತ್ತಿಡುತ್ತ. "ಅವ್ವ ಕಲಿಸಿದ ಮಾತು, ಬಾಯಾಗ ಬಂದ್ಬಿಡ್ತು. ನೆಟ್ಟಗ ಹೇಳಬೇಕಿತ್ತು."

ಪೆನ್ನು ಅವಳ ಕೈಯಲ್ಲೇ ಇತ್ತು. ಕೊಟ್ಟರೆ ಮುಗಿಯಿತು. ಅವನೊಂದು ರುಜು ಹಾಕುತ್ತಾನೆ, ಅವಳೊಂದು ಹಾಕುತ್ತಾಳೆ, ಸಂಜೆಯ ಬಸ್ಸು ಸಿಗುತ್ತದೆ. ಮುಂದಿನ ವರ್ಷ ಯಾವುದೋ ದೇಶದ ಹುಡುಗರು ಈ ಮನುಷ್ಯನ ಹೆಸರನ್ನು ತಪ್ಪಿನ ಹೆಸರಾಗಿ ಉರುಹೊಡೆಯುತ್ತಾರೆ. ಅವಳಿಗೆ ನಾಚಿಕೆಯಾಯಿತು. ಜನರ ಎದುರು ಆಗುವ ನಾಚಿಕೆ ಅವಳಿಗೆ ಹಳೆಯ ಪರಿಚಯ. ಇದು ಅದಲ್ಲ, ಇದು ತನ್ನ ಎದುರು ತನಗೇ ಆದದ್ದು.

ಅವಳು ಹೇಳತೊಡಗಿದಳು. ನಮೂನೆಯ ವಿಷಯ ಹೇಳಿದಳು, ಮೂವತ್ತೊಂದನೆಯ ಪ್ರಶ್ನೆ ಹೇಳಿದಳು, ತಾನು ಬರೆದ ಉತ್ತರ ಹೇಳಿದಳು. ಆ ಉತ್ತರ ಸರಿಯಿದ್ದಿದ್ದರೆ ಯಂತ್ರ ತಾನಾಗಿ ಗಂಟೆ ಬಾರಿಸುತ್ತಿತ್ತು ಎಂದಳು. ದುರುಗವ್ವ ಮಜ್ಜಿಗೆಯ ಲೋಟ ತೆಗೆಯಲು ಬಂದವಳು ಅಲ್ಲೇ ನಿಂತಳು.

ಹುಲಿಗೆಪ್ಪ ಪೆನ್ನಿಗೆ ಚಾಚಿದ್ದ ಕೈ ಹಿಂದಕ್ಕೆ ತೆಗೆದ. ಆಮೇಲೆ ಕೇಳಿದ, "ನಾ ದೀಪ ದೊಡ್ಡದಾತು ಅಂದಾಗ, ಅದು ಏನಂತ ನಿಮಗ ತಿಳಿದಿತ್ತೇನ್ರಿ?"

"ತಿಳಿದಿತ್ತು," ಅಂದಳು ಕಾತ್ಯಾಯಿನಿ. "ನಮ್ಮಜ್ಜೀನೂ ಹಾಗೇ ಅಂತಿದ್ರು."

"ಮತ್ತ ಇಲ್ಲ ಅಂತ ಯಾಕ ಬರದ್ರಿ?" ಇದನ್ನು ಕೇಳಿದವಳು ದುರುಗವ್ವ. ಕೋಪವಿರಲಿಲ್ಲ, ಅವಳಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ. ಅವಳೇ ಮತ್ತೆ ಮೆಲ್ಲಗೆ ಕೇಳಿದಳು, "ನಮ್ಮ ಮಾತು ಹೇಳಾಕ ನಾಚಿಕಿ ಆತೇನು?"

"ಆಯ್ತು," ಎಂದಳು ಕಾತ್ಯಾಯಿನಿ.

ತಲೆಯೆತ್ತಲಾಗದೆ ಅವಳು ಚಾಪೆಯ ಮೇಲೆ ವರದಿ ಬಿಡಿಸಿದಳು. "ಹುಲಿಗೆಪ್ಪ ದೋಷ" ಎಂದಿದ್ದ ಕಡೆಯಲ್ಲೆಲ್ಲ ಅವನ ಹೆಸರಿಗೆ ಗೆರೆ ಹೊಡೆದು ಮೇಲೆ "ಕಾತ್ಯಾಯಿನಿ" ಎಂದು ಬರೆದಳು. ಒಟ್ಟು ಹನ್ನೆರಡು ಕಡೆ ಇತ್ತು. ಕೊನೆಯ ಪುಟದ ಅಂಚಿನಲ್ಲಿ ನಡೆದದ್ದನ್ನು ನಾಲ್ಕು ಸಾಲಿನಲ್ಲಿ ಬರೆದು, ತನ್ನ ಗೆರೆಯ ಮೇಲೆ ರುಜು ಹಾಕಿ, ಅವನ ಗೆರೆಯನ್ನು ಖಾಲಿ ಬಿಟ್ಟಳು. ಸಂಸ್ಥೆ ತನ್ನನ್ನು ಬಿಳೇಗುಡ್ಡಕ್ಕೆ ಮತ್ತೆ ಕಳಿಸುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ನಾಚಿಕೆ ಒಂದು ತೊಲೆಯೂ ಕಡಿಮೆಯಾಗಲಿಲ್ಲ. ಬೈಯಲಿ, ಎದ್ದು ಹೋಗು ಅನ್ನಲಿ ಎಂದು ಕಾದಳು.

ಹುಲಿಗೆಪ್ಪನ ಗಮನ ಕಾಗದದ ಮೇಲೂ ಇರಲಿಲ್ಲ, ಅವಳ ಮೇಲೂ ಇರಲಿಲ್ಲ. ಹೆಂಡತಿಯ ಕಡೆ ತಿರುಗಿದ.

"ಹಂಗಾರ ನಾ ಸರಿಯಾಗೇ ಹೇಳಿದ್ದೆ," ಎಂದ.

ದುರುಗವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅವನು ಗೋಡೆ ಹಿಡಿದು ಎದ್ದು, ಹೊಸ್ತಿಲು ದಾಟಿ, ಕಟ್ಟೆಯ ಮೇಲೆ ನಿಂತು, ಎದುರುಮನೆಯ ಹಳೇ ಗಣಿ ಗೆಳೆಯನನ್ನು ಹೆಸರು ಹಿಡಿದು ಕೂಗಿದ. ಮೂರು ತಿಂಗಳಲ್ಲಿ ಮೊದಲ ಸಲ ಆ ದನಿ ಓಣಿಯಲ್ಲಿ ಕೇಳಿತು. ನಾನು ಸರಿಯಾಗೇ ಹೇಳಿದ್ದೆನಂತೆ, ಮೇಡಂ ಅಷ್ಟು ದೂರದಿಂದ ಇದನ್ನು ಹೇಳಲಿಕ್ಕೇ ಬಂದಿದ್ದಾರೆ ಎಂದು ಹೇಳುತ್ತಿದ್ದ. ಆಮೇಲೆ ಗವಿಯ ಕಥೆಯನ್ನು ಮೊದಲಿನಿಂದ ಶುರುಮಾಡಿದ. ಹಬೆ, ಕಲ್ಲು, ಕಪ್ಪು ಬೂದಿಯ ಪಟ್ಟಿ, ಎಲ್ಲ ಬಂತು. ಜನ ಒಬ್ಬೊಬ್ಬರಾಗಿ ಸೇರಿ ಪ್ರಶ್ನೆ ಕೇಳತೊಡಗಿದರು.

ಕಾತ್ಯಾಯಿನಿ ಒಳಗೆ ಚಾಪೆಯ ಮೇಲೆ ಕೂತು ಕೊನೆಯವರೆಗೆ ಕೇಳಿದಳು. ಆ ಕಥೆಯಲ್ಲಿ ಅವಳ ತಪ್ಪು ಎಲ್ಲೂ ಬರಲಿಲ್ಲ.